ಪ್ಲೇಟಿನ ಎರಡನೆಯ ಮಗ್ಗುಲು

ಸುಳ್ಳಿಗೆ ಸಾಕ್ಷಿ ಇರಬಾರದು, ಇದ್ದರೆ ಸತ್ತಿರಬೇಕು. ಹೊಳೆನರಸೀಪುರದ ಕೃಷ್ಣಪ್ಪನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಷಡಕ್ಷರಿಗೆ ಈ ಅನುಕೂಲ ಐದು ವರ್ಷ ಒದಗಿತ್ತು. ಆರನೆಯ ವರ್ಷ, ಅಂದರೆ ೧೯೬೧ರ ಮಾಘಮಾಸದಲ್ಲಿ, ಸತ್ತಿದ್ದ ಸಾಕ್ಷಿ ಮೈಸೂರಿನ ಬಸ್ಸಿನಲ್ಲಿ ಬಂದಿಳಿಯಿತು.

ಸಾಕ್ಷಿ ಎಂದರೆ ನಾಟಕದ ಕಂಪನಿಯ ಪಾಲಾಕ್ಷಪ್ಪನವರು. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಅವರ ಗಂಟಲಿಗೆ ಸೋಲದವರಿರಲಿಲ್ಲ. ಕಡೆಯ ಅಂಕದಲ್ಲಿ ಬಾಣ ತಗುಲಿ ಸಾಯುವ ಮುದಿರಾಜನ ಪಾತ್ರ ಅವರದು. ಬಾಣ ಬಿಡುವ ಶತ್ರುರಾಜನ ಪಾತ್ರವನ್ನು ಮೀಸೆ ಅಂಟಿಸಿಕೊಂಡು ಮಾಡುತ್ತಿದ್ದವರು ಅವರ ಹೆಂಡತಿ ಗಂಗಾಂಬಿಕೆ. ಆಕೆಯ ಕಂಠ ಎಷ್ಟು ಗಡಸೆಂದರೆ, ಹೊಸಬರು ಮೂರು ಅಂಕ ನೋಡಿದರೂ ಮೀಸೆಯನ್ನು ಅನುಮಾನಿಸುತ್ತಿರಲಿಲ್ಲ. ಬಾಣ ನಾಟಿದ ಮೇಲೆ ಮುದಿರಾಜ ಒಂದು ಹಾಡು ಹೇಳಿ ಸಾಯುವನು. ಆಗ ಜನ 'ಒನ್ಸ್ ಮೋರ್' ಎಂದು ಕೂಗುವರು. ಸತ್ತ ರಾಜ ಎದ್ದು, ಕಿರೀಟ ಸರಿಮಾಡಿಕೊಂಡು, ಕೈಮುಗಿದು, ಅದೇ ಹಾಡನ್ನು ಮತ್ತೆ ಹೇಳಿ ಮತ್ತೆ ಸಾಯುವನು. ಇದು ನಾಟಕದ ಧರ್ಮ. ಇದರಲ್ಲಿ ಯಾರಿಗೂ ಆಭಾಸ ಕಾಣುತ್ತಿರಲಿಲ್ಲ. ಅರಕಲಗೂಡಿನ ಕ್ಯಾಂಪಿನಲ್ಲಿ ಪಾಲಾಕ್ಷಪ್ಪನವರು ಒಂದೇ ಆಟದಲ್ಲಿ ನಾಲ್ಕು ಸಲ ಸತ್ತರೆಂದು ಅಲ್ಲಿಯವರು ಈಗಲೂ ಹೆಮ್ಮೆಪಡುತ್ತಾರೆ.

ಹೊಳೆನರಸೀಪುರದ ಕ್ಯಾಂಪಿನಲ್ಲಿ ಅವರು ಎರಡೇ ಸಲ ಸತ್ತರು. ಮಾರನೆಯ ಬೆಳಗ್ಗೆ ಎದೆನೋವೆಂದು ಹಾಸನಕ್ಕೆ ಸಾಗಿಸಿದರು. ಅಲ್ಲಿ ವಾರದೊಳಗೆ ಮೂರನೆಯ ಸಲ ಸತ್ತರು. ಅದಕ್ಕೆ ಯಾರೂ ಒನ್ಸ್ ಮೋರ್ ಕೂಗಲಿಲ್ಲ.

ಆ ಕಡೆಯ ಆಟಕ್ಕೆ ಷಡಕ್ಷರಿಯೂ ಬೆಂಚಿನ ಟಿಕೇಟು ಕೊಂಡು ಹೋಗಿದ್ದ. ಆದರೆ ಹೊರಡುವ ಮುನ್ನ ಅವರೆಕಾಳಿನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಿದ್ದ. ಎರಡನೆಯ ಅಂಕದಲ್ಲಿ ಕಣ್ಣು ಮುಚ್ಚಿದವನು ಎಚ್ಚರಗೊಂಡಾಗ ಡೇರೆಯ ಆಳು ಅವನ ಕಾಲಡಿಯ ಚಾಪೆ ಸುತ್ತುತ್ತಿದ್ದ. ಪಾಲಾಕ್ಷಪ್ಪನವರು ತೀರಿಕೊಂಡ ಸುದ್ದಿ ಬಂದ ದಿನ ಚಲುವನಾರಾಯಣನ ಹೋಟೆಲಿನಲ್ಲಿ ಪ್ರತಿಯೊಬ್ಬನಿಗೂ ಹೇಳಲು ಏನಾದರೊಂದಿತ್ತು. ಒಬ್ಬ ಅವರಿಗೆ ವೀಳ್ಯ ಕೊಟ್ಟಿದ್ದ. ಒಬ್ಬನ ಭುಜ ಅವರ ಭುಜಕ್ಕೆ ತಾಗಿತ್ತು. ಸರದಿ ಷಡಕ್ಷರಿಗೆ ಬಂತು. ಕೈಯಲ್ಲಿ ಕಾಫಿ ಇತ್ತು, ಬಾಯಲ್ಲಿ ಏನೂ ಇರಲಿಲ್ಲ.

"ಕೊನೇ ಒನ್ಸ್ ಮೋರ್ ಕೂಗಿದ್ದು ನಾನೇ," ಎಂದುಬಿಟ್ಟ.

ಯಾರಿಗೂ ನಷ್ಟವಿಲ್ಲದ ಸುಳ್ಳು. ಐದು ವರ್ಷದಲ್ಲಿ ಅದು ಚೆನ್ನಾಗಿ ಮೈಕೈ ತುಂಬಿಕೊಂಡಿತು. ಮೊದಲ ವರ್ಷ ಅವನು ಬೆಂಚಿನ ಮೇಲೆ ಎದ್ದು ನಿಂತ. ಎರಡನೆಯ ವರ್ಷ ಹೆಗಲ ಮೇಲಿನ ವಲ್ಲಿ ಬೀಸಿದ. ಮೂರನೆಯ ವರ್ಷ ಪಾಲಾಕ್ಷಪ್ಪನವರು ಅವನತ್ತಲೇ ತಿರುಗಿ ಕೈಮುಗಿದರು. ಹೋಟೆಲಿನ ಕಿಟಕಿಯ ಪಕ್ಕದ ಬೆಂಚು ಅವನದೆಂದು ತೀರ್ಮಾನವಾಯಿತು. ಬೇರೆಯವರು ಕೂತರೆ ಚಲುವನಾರಾಯಣನೇ, "ಅದು ಒನ್ಸ್ ಮೋರ್ ಬೆಂಚು, ಏಳಿ ಏಳಿ," ಎನ್ನುವನು. ಮಂಡಿಯಲ್ಲಿ ಕೃಷ್ಣಪ್ಪ, ಮನೆಯಲ್ಲಿ ಹೆಂಡತಿ ಶಿವಮ್ಮಣ್ಣಿ, ಇಬ್ಬರ ಕೈಕೆಳಗೆ ಬಾಳುತ್ತಿದ್ದ ಷಡಕ್ಷರಿಗೆ ಪ್ರಪಂಚದಲ್ಲಿ ತನ್ನದೆನ್ನಲು ಇದ್ದದ್ದು ಆ ಮೂರಡಿ ಹಲಗೆ.

ಹೀಗಿರುವಾಗ ಪ್ಲೇಟಿನ ಸುದ್ದಿ ಬಂತು. ಆ ಕಡೆಯ ಆಟಕ್ಕೆ ಮೈಸೂರಿನ ರೇಡಿಯೋ ರಿಪೇರಿಯವನೊಬ್ಬ ಟೇಪಿನ ಯಂತ್ರ ಹೊತ್ತು ತಂದು, ರಂಗದ ಮೈಕಿನ ಹತ್ತಿರ ಕೂಡಿಸಿದ್ದನಂತೆ. ಅದನ್ನೀಗ ಗ್ರಾಮಫೋನು ಪ್ಲೇಟು ಮಾಡಿದ್ದಾರಂತೆ. ಸ್ಟುಡಿಯೋದಲ್ಲಿ ಗಂಟಲು ಸರಿಮಾಡಿಕೊಂಡು ಹಾಡಿದ್ದಲ್ಲ. ರಂಗದ ಮೇಲೆ, ಜನರೆದುರು, ಚಪ್ಪಾಳೆ ಕೆಮ್ಮು ಸಮೇತ!

ಚಲುವನಾರಾಯಣ ಒಂದು ತಿಂಗಳ ಬೋಂಡದ ಎಣ್ಣೆಯಲ್ಲಿ ಕೈ ಬಿಗಿಹಿಡಿದು ಒಂದು ಪ್ಲೇಟು ತರಿಸಿದ. ಅದು ಬಂದ ಭಾನುವಾರ ಗ್ರಾಮಫೋನಿನ ಕಹಳೆಗೆ ಗಂಧ ಹಚ್ಚಿ ಸೇವಂತಿಗೆ ಸುತ್ತಿದ್ದರು. ಅರಕಲಗೂಡಿನಿಂದ ಬಸ್ಸಿನ ಮೇಲೆಲ್ಲ ಜನ ಕೂತು ಬಂದರು. ಬೆಲ್ಲದ ಗಾಡಿಯ ಹುಚ್ಚಯ್ಯ, ಪಾಲಾಕ್ಷಪ್ಪನವರ ಆಟಕ್ಕೆಂದು ಹದಿನೆಂಟು ಮೈಲಿ ಗಾಡಿ ಹೊಡೆಯುತ್ತಿದ್ದ ಭಕ್ತ, ಎತ್ತು ಬಿಚ್ಚುವುದನ್ನೂ ಮರೆತು ಒಳಗೆ ನುಗ್ಗಿದ.

"ಸೋಮಿ, ಈ ಪೆಟ್ಗೆವಳ್ಗೆ ಅವ್ರು ಅಂಗೇ ಅವ್ರಾ?"

"ಅವರಿಲ್ಲ ಕಣಯ್ಯ, ಅವರ ಧ್ವನಿ ಇದೆ."

"ಅವ್ರ್ ಅಂದ್ರೇನು, ಧ್ವನಿನೇ ಅಲ್ವಾ. ಮಿಕ್ಕಿದ್ದು ಯಾವನ್ಗ್ ಬೇಕಾಗಿತ್ತು?"

ಚಲುವನಾರಾಯಣ ಕೀ ಕೊಟ್ಟು ಮುಳ್ಳು ಇಟ್ಟ. ಕರಕರ ಸದ್ದು, ಹಾರ್ಮೋನಿಯಂ, ಯಾರದೋ ಕೆಮ್ಮು. ಕೆಮ್ಮಿದ್ದು ತಮ್ಮ ದೊಡ್ಡಪ್ಪನೆಂದು ಅರಕಲಗೂಡಿನವನೊಬ್ಬ ಗುರುತು ಹಿಡಿದು ಕಣ್ಣೊರೆಸಿಕೊಂಡ. ಆಮೇಲೆ ಪಾಲಾಕ್ಷಪ್ಪನವರು ಹಾಡಿದರು. ಇಡ್ಲಿ ಹಿಡಿದ ಕೈಗಳು ಹಿಡಿದ ಹಾಗೆಯೇ ನಿಂತವು. ರಾಜ ಸತ್ತ. ನಾಲ್ಕಾರು ಚಪ್ಪಾಳೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಕಹಳೆಯ ಬಾಯೇ ಒಡೆಯುವಂತೆ, ಒಂದು ಗಡಸು ಧ್ವನಿ: "ಒನ್ಸ್ ಮೋರ್!"

ಮೊದಲನೆಯ ಮಗ್ಗುಲು ಅಲ್ಲಿಗೆ ಮುಗಿಯಿತು. ಹೋಟೆಲಿಗೆ ಹೋಟೆಲೇ ಕಿಟಕಿಯ ಬೆಂಚಿನತ್ತ ತಿರುಗಿತು.

"ಷಡಕ್ಷರಿ!" ಎಂದ ಚಲುವನಾರಾಯಣ. "ಅಯ್ಯಾ ಪುಣ್ಯಾತ್ಮ, ನೀನು ಪ್ಲೇಟಿಗೇ ಹತ್ತಿಬಿಟ್ಟೆಯಲ್ಲಪ್ಪ!"

ಕಹಳೆಯ ಸೇವಂತಿಗೆ ಷಡಕ್ಷರಿಯ ಕೊರಳಿಗೆ ಬಂತು. ಎರಡನೆಯ ಮಗ್ಗುಲನ್ನು ಆಗಲೇ ಹಾಕಬೇಕಿತ್ತು. ಆದರೆ ಒಂದು ಮುಳ್ಳಿಗೆ ಒಂದೇ ಮಗ್ಗುಲು, ಹೋಟೆಲಿನಲ್ಲಿ ಉಳಿದಿದ್ದುದು ಒಂದೇ ಮುಳ್ಳು. ಹೊಸ ಮುಳ್ಳು ಹಾಸನದಿಂದ ಬರುವವರೆಗೆ ಎರಡು ದಿನ ಷಡಕ್ಷರಿ ರಾಜನಾಗಿದ್ದ. ಶಾಂತಿಗ್ರಾಮದಿಂದ ಬಂದ ಬೀಗರು ಅವನನ್ನು ನೋಡಿಕೊಂಡು ಹೋದರು. ಪಾಲಾಕ್ಷಪ್ಪ ಅಭಿಮಾನಿ ಸಂಘ ಸ್ಥಾಪನೆಯಾಗಿ ಅವನೇ ಅಧ್ಯಕ್ಷನಾದ. ಕೃಷ್ಣಪ್ಪ ಮಂಡಿಯಲ್ಲಿ ಮೊದಲ ಬಾರಿಗೆ ಅವನನ್ನು ಬಹುವಚನದಲ್ಲಿ ಕರೆದ. ಯಾರಾದರೂ, "ಎಲ್ಲಿ, ಒಂದ್ಸಲ ಕೂಗಿ," ಎಂದರೆ, "ಅದು ಕೇಳಿದಾಗ ಬರೋದಲ್ಲ," ಎಂದು ಗಂಭೀರವಾಗಿ ತಲೆಯಾಡಿಸುವನು. ಅವನ ಸ್ವಂತ ಧ್ವನಿ ಕೊಬ್ಬರಿ ತುರಿಯುವ ಸದ್ದಿಗೆ ಹತ್ತಿರವಾದದ್ದು.

ಮಂಗಳವಾರ ಮುಳ್ಳು ಬಂತು. ಅಧ್ಯಕ್ಷರ ಸಮ್ಮುಖದಲ್ಲಿ ಎರಡನೆಯ ಮಗ್ಗುಲು ಹಾಕಿದರು.

ಮೊದಲು ಏದುಸಿರು. ಆಮೇಲೆ ಪಾಲಾಕ್ಷಪ್ಪನವರ ಮಾತು, ಹಾಡಲ್ಲ: "ಆಗೋದಿಲ್ಲ ಸ್ವಾಮಿ. ಎದೆ ಹಿಡಿದಿದೆ. ಇವತ್ತಿಗೆ ಕ್ಷಮಿಸಿ." ತಕ್ಷಣವೇ ಆ ಗಡಸು ಧ್ವನಿ: "ಒನ್ಸ್ ಮೋರ್!" ಸ್ವಲ್ಪ ಹೊತ್ತು ಬರೀ ಕರಕರ. ಹಾರ್ಮೋನಿಯಂ ಅನುಮಾನಿಸುತ್ತ ಶುರುವಾಯಿತು. ಅವರು ಹಾಡಿದರು. ಕಡೆಯ ಸಾಲಿಗೆ ಬರುವಾಗ ಧ್ವನಿ ಮೇಲಕ್ಕೆ ಹೋಗಬೇಕಿತ್ತು, ಹೋಗಲಿಲ್ಲ, ಅರ್ಧದಲ್ಲಿ ಕೂತುಬಿಟ್ಟಿತು. ಪ್ಲೇಟು ಮುಗಿದು ಮುಳ್ಳು ಬರಿಯ ಗೀರಿನಲ್ಲಿ ಕೆರೆಯುತ್ತಿದ್ದರೂ ಎತ್ತುವುದು ಯಾರಿಗೂ ನೆನಪಾಗಲಿಲ್ಲ.

ಹುಚ್ಚಯ್ಯ ಎದ್ದು ನಿಂತ. "ಸಾ," ಎಂದ. "ನಮ್ ಎತ್ತು ಏಳಕ್ಕಾಗಕಿಲ್ಲ ಅಂತ ಕುಂತ್ಕಂಡ್ರೆ ನಾವೂ ಚಾವ್ಟಿ ಕೆಳೀಕ್ ಮಡಗ್ತೀವಿ. ಆವಯ್ಯ ಬಾಯ್ಬುಟ್ಟು ಎದೆ ನೋವು ಅಂದವ್ನೆ. ಅಂಗಂದ್ರೂ ಕೂಗ್ಬುಟ್ರಲ್ಲಾ ಸಾ!"

ಷಡಕ್ಷರಿ ಎಡಕ್ಕೂ ಬಲಕ್ಕೂ ನೋಡಿದ. ಸತ್ಯಕ್ಕೆ ಇದೇ ಸರಿಯಾದ ಹೊತ್ತೆಂದು ಅವನಿಗೆ ತೋರಿತು. ಸತ್ಯಕ್ಕೆ ಸರಿಯಾದ ಹೊತ್ತು ಐದು ವರ್ಷದ ಹಿಂದೆಯೇ ಕಳೆದಿತ್ತೆಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

"ಅದು ನಾನಲ್ಲ," ಎಂದ. "ನಾನು ಆಗ ನಿದ್ದೆ ಮಾಡ್ತಿದ್ದೆ."

"ಆಹಾ!" ಎಂದ ಚಲುವನಾರಾಯಣ. "ಮೊನ್ನೆ ಹಾರ ಹಾಕಿಸಿಕೊಳ್ಳುವಾಗ ಎಚ್ಚರವಾಗಿದ್ದೆ, ಇವತ್ತು ನಿದ್ದೆಯೋ? ಕೊಂದವರೆಲ್ಲ ಹೀಗೇ ಹೇಳೋದು."

ಕೊಂದವರು ಎಂಬ ಮಾತು ಹೀಗೆ ಹುಟ್ಟಿತು. ಸಂಜೆಯೊಳಗೆ ಅದಕ್ಕೆ ಕಾಲು ಬಂತು. ಮಾರನೆಯ ದಿನ ಬಸ್ಸು ಹತ್ತಿತು. ಅರಕಲಗೂಡಿನ ರೈತರು ಷಡಕ್ಷರಿ ತಕ್ಕಡಿ ಮುಟ್ಟಿದರೆ ಕೊಬ್ಬರಿ ವಾಪಸ್ಸು ಹೇರಿಕೊಂಡು ಹೋಗುತ್ತೇವೆಂದರು. ಕೃಷ್ಣಪ್ಪ ಏಕವಚನಕ್ಕೆ ಹಿಂತಿರುಗಿ, "ಲೋ, ಸ್ವಲ್ಪ ದಿನ ಹಿಂದ್ಗಡೆ ಗೋಡೌನಲ್ಲಿರು. ಕೊಳೆತ ಕಾಯಿ ಆರಿಸು," ಎಂದ. ಹೋಟೆಲಿಗೆ ಕಾಫಿಗೆ ಬಂದ ಪೊಲೀಸು ಜಮಾದಾರರು ಪ್ಲೇಟು ಕೇಳಿ ಮೀಸೆ ನೀವಿ, "ಒನ್ಸ್ ಮೋರಿಗೆ ಸೆಕ್ಷನ್ ಇಲ್ಲ ಕಣ್ರೀ. ಇದ್ದಿದ್ರೆ ಇವತ್ತೇ ಎಳ್ಕಂಡ್ ಹೋಗ್ತಿದ್ದೆ," ಎಂದು ನಿಟ್ಟುಸಿರಿಟ್ಟರು. ಕಿಟಕಿಯ ಬೆಂಚಿನ ಮೇಲೆ ಚಲುವನಾರಾಯಣ ಆಲೂಗಡ್ಡೆಯ ಮೂಟೆ ಇರಿಸಿದ.

ಷಡಕ್ಷರಿ ಕಡೆಗೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವೆಂಕಟರಾಮಯ್ಯನವರ ಮೊರೆಹೋದ. ಅವರು ಊರಿನಲ್ಲಿ ಯಾವ ಗುಂಪಿಗೂ ಸೇರದವರು. ಪುರಾವೆಯಿಲ್ಲದೆ ಗ್ರಹಣವನ್ನೂ ನಂಬರು.

"ಹೆದರಬೇಡಿ," ಎಂದರು ಮೇಷ್ಟ್ರು. "ಇದನ್ನ ಸಾಧಿಸಿ ತೋರಿಸ್ತೀನಿ."

ಹೋಟೆಲಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ರಂಗ, ಮೈಕು, ಬೆಂಚುಗಳನ್ನು ಬರೆದರು. "ನೋಡಿ. ದೂರ ಎರಡರಷ್ಟಾದರೆ ಸದ್ದು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ. ಪ್ಲೇಟಿನಲ್ಲಿ ಈ ಕೂಗು ಹಾಡಿನಷ್ಟೇ ಜೋರಾಗಿದೆ. ಅಂದರೆ ಕೂಗಿದವರು ಹಾಡುವವರಷ್ಟೇ ಮೈಕಿಗೆ ಹತ್ತಿರ ಇದ್ದರು. ಬೆಂಚಿನಿಂದ ಕೂಗಿದರೆ ಇಷ್ಟು ಕೇಳಿಸೋದು ಅಸಾಧ್ಯ. ಆದ್ದರಿಂದ ಕೂಗು ಬಂದದ್ದು ರಂಗದ ಪರದೆಯ ಪಕ್ಕದಿಂದ!"

ಹೋಟೆಲು ಈ ಸಿದ್ಧಾಂತವನ್ನು ಅರಗಿಸಿಕೊಂಡಿತು. ಹುಚ್ಚಯ್ಯ ಮೊದಲು ಬಾಯಿಬಿಟ್ಟ.

"ಅಂಗಾರೆ, ಬೆಂಚ್ನಾಗ್ ಕುಂತ್ಕಂಡ್ ಕೂಗಿದ್ದು ಸಾಲ್ದು ಅಂತ ರಂಗುದ್ ಮ್ಯಾಕೇ ಅತ್ಬುಟ್ ಕೂಗವ್ರಾ?"

"ಅಯ್ಯೋ, ಅದಲ್ಲಯ್ಯ..." ಎಂದರು ಮೇಷ್ಟ್ರು.

"ಮೇಷ್ಟ್ರೇ ಲೆಕ್ಕ ಹಾಕಿ ಹೇಳವ್ರೆ!" ಎಂದು ನಾಲ್ಕು ಜನ ಕೂಗಿದರು. ವಿಜ್ಞಾನಕ್ಕೆ ಹೊಳೆನರಸೀಪುರದಲ್ಲಿ ಅಷ್ಟು ಮನ್ನಣೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಕಡೆಯ ಉಪಾಯವೆಂದು ಮೇಷ್ಟ್ರು ಷಡಕ್ಷರಿಯಿಂದಲೇ ಕೂಗಿಸಿದರು. "ಒನ್ಸ್ ಮೋರ್" ಎಂಬುದು ಅವನ ಗಂಟಲಿನಿಂದ ಬಾವಿಗೆ ಬಿದ್ದ ಮೇಕೆಮರಿಯ ಕೂಗಿನಂತೆ ಹೊರಟಿತು.

"ಕೇಳಿದಿರಾ?" ಎಂದರು ಮೇಷ್ಟ್ರು ಗೆದ್ದವರಂತೆ. "ಎಲ್ಲಿ ಆ ಧ್ವನಿ, ಎಲ್ಲಿ ಈ ಧ್ವನಿ?"

"ಆಗ ಗಟ್ಟಿ ಇತ್ತು," ಎಂದ ಚಲುವನಾರಾಯಣ. "ಪಾಪ ಗಂಟಲಿಗೆ ಇಳಿದರೆ ಹೀಗೇ ಆಗೋದು."

ಮನೆಯಲ್ಲಾದರೂ ನೆರಳು ಸಿಕ್ಕೀತೆಂದು ಹೋದರೆ ಶಿವಮ್ಮಣ್ಣಿ ಮೊರದ ಮುಂದೆ ಕೂತಿದ್ದಳು.

"ನೋಡೇ, ನಾನು ಅವತ್ತು ಮಲಗಿದ್ದೆ. ನೀನಾದರೂ ನಂಬು."

"ಮಲಗಿದ್ರಿ ಅಂತ ನಂಬ್ತೀನಿ ಕಣ್ರೀ. ನೀವು ಎಲ್ಲಿ ಕೂತ್ರೂ ಮಲಗ್ತೀರ." ಅವಳು ಕಲ್ಲೊಂದನ್ನು ಆರಿಸಿ ಎಸೆದಳು. "ಆದ್ರೆ ಕೂಗ್ಲಿಲ್ಲ ಅಂತ ಹೆಂಗ್ ಹೇಳ್ತೀರ? ನಿದ್ದೇಲಿ ನೀವು ಕೂಗಲ್ವಾ? ಮೊನ್ನೆ 'ಕೊಳೆತದ್ದು ಬೇರೆ ಹಾಕ್ರೋ' ಅಂತ ಕೂಗಿ ಎದುರುಮನೆ ಮಗು ಎದ್ದು ಕೂತ್ಕೊಂಡು ಅತ್ತಿತಲ್ಲ!"

ಷಡಕ್ಷರಿ ಇದನ್ನು ಯೋಚಿಸಿರಲಿಲ್ಲ. ಮೊರವನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಹಾಗಾದರೆ... ನಾನೇ ಕೂಗಿರಬಹುದೇ?"

"ಇರಬೋದು," ಎಂದಳು ಶಿವಮ್ಮಣ್ಣಿ, ಮತ್ತೊಂದು ಕಲ್ಲು ಎಸೆಯುತ್ತ. "ನನ್ನನ್ಯಾಕೆ ಕೇಳ್ತೀರ, ನಾನೇನು ಆಟಕ್ಕೆ ಬಂದಿದ್ನಾ? ಕರ್ಕೊಂಡು ಹೋಗಿದ್ರಾ?"

ಮುಂದಿನ ಭಾನುವಾರ ಚನ್ನರಾಯಪಟ್ಟಣದಿಂದ ಬರುವ ಬಸ್ಸು ಹೋಟೆಲಿನೆದುರು ನಿಂತಾಗ, ಬಿಳಿಯ ಸೀರೆಯುಟ್ಟ ಎತ್ತರದ ಹೆಂಗಸೊಬ್ಬರು ಇಳಿದರು. ಕಂಪನಿ ಮುಚ್ಚಿದ ಮೇಲೆ ತಂಗಿಯ ಮನೆಯಲ್ಲಿದ್ದ ಗಂಗಾಂಬಿಕೆ ಗಂಡನ ಪ್ಲೇಟು ಕೇಳಲು ಬಂದಿದ್ದರು. ಊರಿಗೆ ಊರೇ ಎದ್ದು ನಿಂತಿತು. ಚಲುವನಾರಾಯಣ ಆಲೂಗಡ್ಡೆಯ ಮೂಟೆ ಇಳಿಸಿ ಅವರನ್ನು ಕಿಟಕಿಯ ಬೆಂಚಿನ ಮೇಲೆ ಕೂಡಿಸಿದ. ಗೋಡೌನಿನಲ್ಲಿ ಅಡಗಿದ್ದ ಷಡಕ್ಷರಿಯನ್ನು ಹುಚ್ಚಯ್ಯ ರೆಟ್ಟೆ ಹಿಡಿದು ತಂದ. "ಬನ್ನಿ ಸಾ. ಆಯಮ್ಮುನ್ ಕಾಲ್ಗಾರಾ ಬೀಳಿ."

ಎರಡು ಮಗ್ಗುಲನ್ನೂ ಹಾಕಿದರು. ಗಂಗಾಂಬಿಕೆ ಅಳಲಿಲ್ಲ. ಹಾಡು ಕುಸಿಯುವ ಕಡೆಯ ಸಾಲಿನಲ್ಲಿ ಮಾತ್ರ ಬೆಂಚಿನ ಅಂಚನ್ನು ಹಿಡಿದುಕೊಂಡರು. ಮುಗಿದ ಮೇಲೆ, "ಈ ಕೂಗು ನಿಮ್ಮೂರಿನವರದಂತೆ?" ಎಂದರು. ಇಪ್ಪತ್ತು ಬೆರಳು ಒಟ್ಟಿಗೆ ಷಡಕ್ಷರಿಯತ್ತ ಚಾಚಿದವು.

"ಅವರ ಹತ್ತಿರ ಒಂದು ಮಾತಾಡಬೇಕು. ಬೇರೆ ಯಾರೂ ಬೇಡ."

ಹೋಟೆಲಿನ ಹಿಂದಿನ ಉಗ್ರಾಣದಲ್ಲಿ ಬೇಳೆಯ ಮೂಟೆಯ ಮೇಲೆ ಅವರು ಕೂತರು. ಬಾಗಿಲು ಹಾಕಿದ ಕೂಡಲೆ ಷಡಕ್ಷರಿ ನೆಲಕ್ಕೆ ಬಿದ್ದ.

"ತಾಯಿ, ದೇವರಾಣೆ, ನಾನಲ್ಲ. ಜಂಬಕ್ಕೆ ಹೇಳಿಕೊಂಡೆ. ನಾನು ನಿದ್ದೆ ಮಾಡ್ತಿದ್ದೆ. ನಿದ್ದೆಯಲ್ಲಿ ಕೂಗಿದ್ದರೆ ಅದು ನನಗೆ ಗೊತ್ತಿಲ್ಲ."

"ನೀವಲ್ಲ ಅಂತ ಗೊತ್ತಪ್ಪ."

ಆ ವಾರದಲ್ಲಿ ಲೆಕ್ಕ ಹಾಕದೆ ಅವನ ಮಾತನ್ನು ನಂಬಿದ ಮೊದಲ ವ್ಯಕ್ತಿ ಆಕೆ. ಷಡಕ್ಷರಿಗೆ ಅಳು ನುಗ್ಗಿ ಬಂತು.

"ಕೂಗಿದ್ದು ನಾನು," ಎಂದರು ಗಂಗಾಂಬಿಕೆ.

ಆಗ ಅವನಿಗೆ ಕೇಳಿಸಿತು: ಪ್ಲೇಟಿನೊಳಗಿನ ಅದೇ ಗಡಸು ಕಂಠ, ಮೀಸೆಯಿಲ್ಲದೆ, ತಗ್ಗಿದ ಸ್ವರದಲ್ಲಿ.

"ಆ ವರ್ಷ ಡೇರೆ ತುಂಬುತ್ತಿರಲಿಲ್ಲ. ಎಲ್ಲರೂ ಸಿನಿಮಾಕ್ಕೆ ಹೋಗೋರು. ಅವತ್ತು ಅರ್ಧ ಬೆಂಚು ಖಾಲಿ; ಇದ್ದವರಲ್ಲೂ ಕೆಲವರು ನಿದ್ದೆ." ಆಕೆ ಷಡಕ್ಷರಿಯನ್ನು ನೋಡಲಿಲ್ಲ, ಅವನೇ ನೆಲ ನೋಡಿದ. "ಹಾಡಿದರು, ಸತ್ತರು. ಯಾರೂ ಒನ್ಸ್ ಮೋರ್ ಅನ್ನಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಸತ್ತು ಮಲಗಿದ್ದಾರೆ, ಕಿವಿ ಮಾತ್ರ ಜನದ ಕಡೆ. ಪರದೆಯ ಪಕ್ಕದಿಂದ ನೋಡ್ತಿದ್ದೆ, ಕಾಲಿನ ಬೆರಳು ಅಲ್ಲಾಡ್ತಿತ್ತು. ಯಾರಾದರೂ ಕೇಳಲಿ ಅಂತ. ತಡೆಯಲಾರದೆ ನಾನೇ ಕೂಗಿಬಿಟ್ಟೆ."

"ಅವರು ಆಗೋದಿಲ್ಲ ಅಂದರಲ್ಲ ತಾಯಿ..."

"ದಿನಾ ಹಾಗೇ ಅಂತಿದ್ದರಪ್ಪ. ಒಂದೇ ಸಲಕ್ಕೆ ಒಪ್ಪಿದರೆ ಮರ್ಯಾದೆಯಲ್ಲ ಅಂತ. ಎದೆ ಹಿಡಿದಿದೆ, ಗಂಟಲು ಕಟ್ಟಿದೆ, ಇವತ್ತಿಗೆ ಕ್ಷಮಿಸಿ. ಜನ ಇನ್ನೊಂದು ಸಲ ಕೂಗಬೇಕು, ಅವರು ಏಳಬೇಕು. ಅವತ್ತೂ ನಾಟಕ ಅಂದುಕೊಂಡೆ." ಗಂಗಾಂಬಿಕೆ ಎದ್ದರು. "ನನ್ನ ಪಾಪ ನೀವ್ಯಾಕೆ ಹೊರಬೇಕು? ನಡೆಯಿರಿ, ಹೇಳಿಬಿಡ್ತೀನಿ."

ಬಾಗಿಲ ಸಂದಿಯಲ್ಲಿ ಊರಿನ ನೆರಳು ಕಾಣುತ್ತಿತ್ತು. ಷಡಕ್ಷರಿಗೆ ಬೇಕಿದ್ದುದೆಲ್ಲ ಆ ಬಾಗಿಲಿನಾಚೆ ಇತ್ತು: ಮಂಡಿಯ ತಕ್ಕಡಿ, ಕಿಟಕಿಯ ಬೆಂಚು, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಕ್ಕು. ಆಕೆ ಎರಡು ಮಾತು ಹೇಳಿದರೆ ಸಾಕಿತ್ತು. ಆದರೆ ನಾಳೆಯಿಂದ ಕೃಷ್ಣಪ್ಪ, ಜಮಾದಾರರು, ಅರಕಲಗೂಡಿನ ರೈತರು ಎಲ್ಲರೂ ಪ್ಲೇಟು ಹಾಕಿಸಿಕೊಂಡು, ಬೋಂಡ ತಿನ್ನುತ್ತ, ಬಾಣ ಬಿಟ್ಟವಳೇ ಕೊಂದಳೆನ್ನುವರು. ಅವನು ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಬೇಡ ತಾಯಿ."

"ಯಾಕಪ್ಪ?"

ಷಡಕ್ಷರಿಗೆ ದೊಡ್ಡ ಮಾತುಗಳು ಎಂದೂ ಬಂದವಲ್ಲ. "ಐದು ವರ್ಷದಿಂದ ಅದು ನಂದು ಅಂತ ಹೇಳಿಕೊಂಡು ಕಾಫಿ ಕುಡಿದಿದ್ದೀನಿ," ಎಂದ. "ಈಗ ನೀವು ಹೇಳಿದರೂ ಜನ ನಂಬೋದಿಲ್ಲ. ಮೇಷ್ಟ್ರು ಲೆಕ್ಕ ಹಾಕಿದ್ದಾರೆ."

ಬಾಗಿಲು ತೆಗೆದ. ಹುಚ್ಚಯ್ಯ ಹೊಸ್ತಿಲಿಗೇ ಅಂಟಿಕೊಂಡಿದ್ದ.

"ಒಪ್ಕಂಡ್ರಾ ಸಾ?"

"ಒಪ್ಪಿಕೊಂಡೆ."

"ಒಂದ್ ಮಾತ್ ಯೋಳಿ. ಆವಯ್ಯ ಆಗಕಿಲ್ಲ ಅಂತ ಕೈ ಮುಗುದ್ ಮ್ಯಾಲೂ ಕೂಗಕ್ಕೆ ಎಂಗ್ ಮನ್ಸ್ ಬಂತು?"

"ದಿನಾ ಹಾಗೇ ಅಂತಿದ್ದರು ಹುಚ್ಚಯ್ಯ," ಎಂದ ಷಡಕ್ಷರಿ. "ಅವತ್ತೂ ನಾಟಕ ಅಂದುಕೊಂಡೆ."

ಹುಚ್ಚಯ್ಯ ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಆಮೇಲೆ ಹೋಗಿ ಎತ್ತಿನ ಕೊರಳು ನೇವರಿಸುತ್ತ ನಿಂತ.

ಗಂಗಾಂಬಿಕೆಯನ್ನು ಬಸ್ಸಿಗೆ ಹತ್ತಿಸಿದರು. ಹೋಗುವವರ ಗೌರವಕ್ಕೆಂದು ಚಲುವನಾರಾಯಣ ಹೊಸ ಮುಳ್ಳು ಹಾಕಿ ಪ್ಲೇಟಿನ ಮೊದಲನೆಯ ಮಗ್ಗುಲನ್ನು ಇನ್ನೊಮ್ಮೆ ಹಚ್ಚಿದ. ಡ್ರೈವರು ಹಾಡು ಮುಗಿಯುವವರೆಗೆ ಇಂಜಿನು ನಿಲ್ಲಿಸಿದ. ಷಡಕ್ಷರಿ ಹೋಟೆಲಿನ ಹೊರಗೆ, ಎಂಜಲೆಲೆಯ ಡಬ್ಬದ ಪಕ್ಕ ನಿಂತಿದ್ದ. ರಾಜ ಸತ್ತ. ನಾಲ್ಕಾರು ಚಪ್ಪಾಳೆ. ಆಮೇಲೆ ಕೂಗು ಬಂತು. ಹೋಟೆಲಿನವರು, ಬೀದಿಯವರು, ಬಸ್ಸಿನ ಕಿಟಕಿಗಳಲ್ಲಿ ಕತ್ತು ಹಾಕಿದವರು, ಎಲ್ಲರೂ ತಿರುಗಿ ಷಡಕ್ಷರಿಯನ್ನು ನೋಡಿದರು. ಅವನು ತಲೆ ತಗ್ಗಿಸಿದ.

ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬರು ಮಾತ್ರ ಅವನತ್ತ ತಿರುಗಲಿಲ್ಲ.